ಶಾಂಪೂ ಜಾಹೀರಾತು ನೋಡಿ ಪಿಟೀಲು ಹಿಡಿದೆ

ಜಾಹೀರಾತು ನೋಡಿ ಅತ್ತವನು ನಾನೊಬ್ನೇ ಇರ್ಲಿಕ್ಕಿಲ್ಲ, ಆದ್ರೆ ಶಾಂಪೂ ಜಾಹೀರಾತು ನೋಡಿ ಅತ್ತು, ಮುಂದಿನ ವಾರವೇ ಹೋಗಿ ಪಿಟೀಲು ತಂದವನು ನಮ್ಮ ತಿಪಟೂರಲ್ಲಿ ನಾನೊಬ್ನೇ ಅಂತ ಕಾಣುತ್ತೆ. ಆಗ ನಂಗೆ 39. ಕೊಬ್ಬರಿ ಮಂಡೀಲಿ ಲೆಕ್ಕ ಬರಿಯೋ ಕೆಲಸ. ಸಂಗೀತ ಅಂದ್ರೆ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ, ಅದು ಬಿಟ್ರೆ ಬಸ್ಸಲ್ಲಿ ಡ್ರೈವರ್ ಹಾಕೋ ಹಾಡು, ಅಷ್ಟೇ.

ಜಾಹೀರಾತು ಪ್ಯಾಂಟೀನ್‌ದು, ಥಾಯ್ಲೆಂಡಲ್ಲಿ 2008ರಲ್ಲಿ ಬಂದಿದ್ದು, ನಂಗೆ ಸಿಕ್ಕಿದ್ದು ಎಷ್ಟೋ ವರ್ಷ ಆದ್ಮೇಲೆ ಯಾರೋ ವಾಟ್ಸಾಪಲ್ಲಿ ಕಳ್ಸಿ. ನಾಲ್ಕು ನಿಮಿಷದ್ದು. ಕಿವಿ ಕೇಳದ, ಮಾತು ಬರದ ಒಂದು ಹುಡುಗಿ, ರಸ್ತೆ ಬದೀಲಿ ಪಿಟೀಲು ನುಡಿಸಿ ಕಾಸು ಕೇಳೋ ಒಬ್ಬ ಮುದುಕ, ಅವನೂ ಕಿವುಡನೇ, ಅವನ ಹತ್ರ ಕಲೀತಾಳೆ. ಜೊತೇಲಿ ಓದೋ ಪಿಯಾನೋ ಹುಡುಗಿಗೆ ಹೊಟ್ಟೆಕಿಚ್ಚು. ಆಮೇಲೆ ಪುಂಡರು ಬಂದು ಮುದುಕನಿಗೂ ಹೊಡೆದು ಪಿಟೀಲೂ ಮುರಿದು ಹಾಕ್ತಾರೆ, ಇವ್ಳು ಮುರಿದಿದ್ದಕ್ಕೇ ಟೇಪ್ ಸುತ್ಕೊಂಡು ಸ್ಟೇಜಿಗೆ ಬರ್ತಾಳೆ. ಮುಂದೇನು ಅಂತ ಮೂರನೇ ಕ್ಲಾಸ್ ಮಗೂನೂ ಹೇಳುತ್ತೆ. ಗೊತ್ತಿದ್ದೂ ಗೊತ್ತಿದ್ದೂ ಗಂಟಲು ಕಟ್ಕೊಂತು. ಕೊನೇಲಿ ಕೂದಲು ಹಾರಾಡುತ್ತೆ, ಹಾರ್ಲೇಬೇಕಲ್ಲ, ಅವ್ರೂ ಬಾಟ್ಲಿ ಮಾರ್ಬೇಕು.

ನಂಗ್ಯಾಕೆ ಅಷ್ಟು ತಾಗ್ತು ಅಂದ್ರೆ, ಚಿಕ್ಕೋನಿದ್ದಾಗ ಕಿವಿ ಸೋರಿ ಸೋರಿ ನನ್ನ ಎಡಗಿವಿ ಮುಕ್ಕಾಲು ಭಾಗ ಹೋಗಿದೆ. ಕ್ಲಾಸಲ್ಲಿ ಯಾವಾಗ್ಲೂ ಎಡಗಡೆ ಗೋಡೆಗೆ ಒರಗಿ ಕೂರ್ತಿದ್ದೆ, ಬಲಗಿವಿ ಮೇಷ್ಟ್ರ ಕಡೆ ಇರ್ಲಿ ಅಂತ. ಆ ಹುಡುಗಿ ಕೈಸನ್ನೇಲಿ ನಾನ್ಯಾಕೆ ಬೇರೆಯವ್ರ ಥರ ಇಲ್ಲ ಅಂತ ಕೇಳಿದಾಗ ಮುದುಕ ಸಮಾಧಾನ ಹೇಳಲ್ಲ, ಯಾಕಿರ್ಬೇಕು ಅಂತ ತಿರುಗಿಸಿ ಕೇಳ್ತಾನೆ. ಅಲ್ಲೇ ನಾನು ಬಿದ್ದಿದ್ದು.

ಸರಿ, ಆರೂವರೆ ಸಾವಿರ ಕೊಟ್ಟು ಕಲಿಯೋರ ಪಿಟೀಲು ಒಂದು ತಂದೆ, ದೇವಸ್ಥಾನದ ಹಿಂದಿನ ಬೀದೀಲಿ ಪಾಠ ಹೇಳೋ ಮೇಷ್ಟ್ರ ಹತ್ರ ಹೋಗಿ ನಿಂತೆ. ಜಾಹೀರಾತಲ್ಲಿ ಅವ್ಳು ನಿಂತ್ಕೊಂಡು, ಗದ್ದದ ಕೆಳಗೆ ಇಟ್ಕೊಂಡು, ಕೂದಲು ಬಿಟ್ಕೊಂಡು ನುಡಿಸ್ತಾಳಲ್ಲ, ನಾನೂ ಹಂಗೇ ಅನ್ಕೊಂಡಿದ್ದೆ. ಇವ್ರು ಚಾಪೆ ಹಾಕಿ ಕೂರಿಸಿದ್ರು. ಪಿಟೀಲಿನ ತಲೆ ಬಲಗಾಲಿನ ಹರಡಿನ ಮೇಲೆ, ಬುಡ ಎದೆಗೆ. ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡೀತು. ಮೊದಲ್ನೇ ತಿಂಗಳಲ್ಲಿ ನಾನು ಕಲ್ತಿದ್ದು ಸಂಗೀತ ಅಲ್ಲ, ಕೂರೋದು.

ಶಬ್ದ ಅಂತೂ ಬರ್ತಾನೇ ಇರ್ಲಿಲ್ಲ. ಕಮಾನು ಎಳೆದ್ರೆ ತಂತಿ ಮೇಲೆ ಜಾರ್ಕೊಂಡು ಹೋಗುತ್ತೆ, ಐಸ್ ಮೇಲೆ ಚಪ್ಪಲಿ ಜಾರಿದ ಹಾಗೆ. ಮೇಷ್ಟ್ರು ಕಮಾನು ಇಸ್ಕೊಂಡು ಬೆಳಕಿಗೆ ಹಿಡಿದು, ಆಮೇಲೆ ಮೂಗಿನ ಹತ್ರ ತಗೊಂಡು ಹೋಗಿ, ನನ್ನ ಮುಖ ನೋಡಿ, ನೀನು ಮಂಡೀಲಿ ಕೆಲ್ಸ ಮಾಡೋದಾ ಅಂದ್ರು. ಕಮಾನಿಗೆ ಕಟ್ಟಿರೋದು ಕುದುರೆ ಬಾಲದ ಕೂದಲು. ಅದಕ್ಕೆ ಪೈನ್ ಮರದ ಅಂಟಿಂದ ಮಾಡಿದ ರೋಸಿನ್ ತಿಕ್ಕಬೇಕು, ಆ ಪುಡಿ ಹಿಡ್ಕೊಂಡ್ರೇನೇ ಕೂದಲು ತಂತೀನ ಹಿಡಿದು ಬಿಡೋದು, ಹಿಡಿದು ಬಿಟ್ಟು ಹಿಡಿದು ಬಿಟ್ಟು ಆಗೋದೇ ನಾದ. ಸ್ವಲ್ಪ ಜಿಡ್ಡು ತಾಗಿದ್ರೂ ಮುಗೀತು. ನಾನೋ ದಿನವೆಲ್ಲಾ ಕೊಬ್ಬರಿ ಮುಟ್ಟಿದ ಕೈಯಲ್ಲಿ ಬಂದು, ಕೂದಲು ಬಿಗಿಯಾಗಿದ್ಯಾ ಅಂತ ಬೆರಳಲ್ಲಿ ಸವರಿ ಸವರಿ ನೋಡ್ತಿದ್ದೆ. ಕೊಬ್ಬರಿ ಎಣ್ಣೆ ಹಚ್ಚಿದ ಕುದುರೆ ಕೂದಲು. ಶಾಂಪೂ ಕಂಪನಿಗೆ ಇದು ಬೇಕಿತ್ತು! ಕೊನೆಗೆ ಬೆಂಗಳೂರಿಗೆ ಕಳ್ಸಿ ಹೊಸ ಕೂದಲು ಕಟ್ಟಿಸ್ಬೇಕಾಯ್ತು. ಆವತ್ತಿಂದ ಪಾಠಕ್ಕೆ ಮುಂಚೆ ಪಾತ್ರೆ ತೊಳಿಯೋ ಸೋಪಲ್ಲಿ ಮೊಣಕೈವರೆಗೂ ಉಜ್ಕೋತೀನಿ, ಡಾಕ್ಟ್ರು ಆಪರೇಷನ್‌ಗೆ ಹೋಗೋ ಥರ.

ಆಮೇಲೆ ಸರಳೆ ವರಸೆ, ಅಂದ್ರೆ ಕರ್ನಾಟಕ ಸಂಗೀತದ ಮೊದಮೊದಲ ಪಾಠ. ಮಾಯಾಮಾಳವಗೌಳ ರಾಗದಲ್ಲಿ ಸರಿಗಮಪದನಿಸ, ತಿಂಗಳುಗಟ್ಲೆ. ಜಾಹೀರಾತಲ್ಲಿ ಹುಡುಗಿ ಕಲಿಯೋದನ್ನ ಒಂದು ಹೊಲ, ಒಂದು ಸೂರ್ಯ, ಒಂದು ಗಾಳಿ ತೋರ್ಸಿ ಮುಗಿಸ್ಬಿಡ್ತಾರೆ, ಅದೊಂದು ಮಾತ್ರ ನಂಗೆ ಈಗ ಮೋಸ ಅನ್ಸುತ್ತೆ, ಮುರಿದ ಪಿಟೀಲಲ್ಲಿ ನುಡಿಸೋದನ್ನಾದ್ರೂ ನಂಬ್ತೀನಿ. ಪಿಟೀಲಿಗೆ ಗಿಟಾರ್ ಥರ ಬೆರಳಿಗೆ ಜಾಗ ತೋರ್ಸೋ ಮೆಟ್ಟಿಲು ಇಲ್ಲ ನೋಡಿ, ಬೆರಳು ಒಂದು ಎಳ್ಳುಕಾಳಷ್ಟು ಆಚೆ ಈಚೆ ಆದ್ರೂ ಸ್ವರ ಹೋಯ್ತು, ಯಾರೂ ತಡೆಯಲ್ಲ. ನಮ್ಮಲ್ಲಿ ತಲೆ ತಿನ್ನೋರಿಗೆ ಪಿಟೀಲು ಕುಯ್ಯಬೇಡ ಅಂತಾರಲ್ಲ, ಆ ಮಾತು ಹುಟ್ಟಿಸಿದವ್ನ ಪಕ್ಕದ ಮನೇಲಿ ನನ್ನಂಥವನೇ ಒಬ್ಬ ಇದ್ದಿರ್ಬೇಕು. ಇಷ್ಟು ದಿನ ಬಾಯಲ್ಲಿ ಕುಯ್ತಿದ್ರಿ, ಈಗ ಕೈಯಲ್ಲೂ ಶುರುವಾ ಅಂದ್ಳು ನನ್ನ ಹೆಂಡ್ತಿ. ರಾತ್ರಿ ಎಂಟೂವರೆ ಮೇಲೆ ಕಮಾನು ಮುಟ್ಟಂಗಿಲ್ಲ ಅಂತ ಕರಾರಾಯ್ತು.

ಒಂದೂವರೆ ವರ್ಷ ಆದ್ಮೇಲೆ ಧೈರ್ಯ ಮಾಡಿ ಮೇಷ್ಟ್ರಿಗೆ ಆ ವಿಡಿಯೋ ತೋರಿಸ್ದೆ. ಬೈತಾರೆ ಅನ್ಕೊಂಡಿದ್ದೆ. ಅವ್ರು ಕನ್ನಡಕ ಹಣೆಗೆ ಏರಿಸಿ ಪೂರ್ತಿ ನೋಡಿ, ಹುಡುಗಿ ಬಗ್ಗೆ ಒಂದು ಮಾತೂ ಆಡ್ಲಿಲ್ಲ, ಇದರ ಕೆಳಗಡೆ ಒಂದು ಓಡ್ತಿದೆ ಕೇಳು ಅಂದ್ರು.

ಹುಡುಗಿ ನುಡಿಸೋದು ಪಾಕೆಲ್ಬೆಲ್ ಅಂತ ಜರ್ಮನಿಯವ್ನು 300 ವರ್ಷಕ್ಕೂ ಹಿಂದೆ ಮಾಡಿದ ಕ್ಯಾನನ್ ಅನ್ನೋ ಕೃತಿ. ಅದರ ಮೂಲ ರೂಪದಲ್ಲಿ ಮೇಲೆ ಮೂರು ಪಿಟೀಲು, ಮೂರಕ್ಕೂ ಒಂದೇ ರಾಗ, ಆದ್ರೆ ಒಂದ್ರ ಹಿಂದೆ ಒಂದು, ಒಂದೊಂದು ಸುತ್ತು ತಡವಾಗಿ ಶುರು ಮಾಡ್ತವೆ, ಕೋಲಾಟದಲ್ಲಿ ಸಾಲು ಹಿಡಿದು ಬರೋ ಥರ. ಕೆಳಗೆ ಚೆಲ್ಲೋ ಅಂತ ದೊಡ್ಡ ಪಿಟೀಲಿನಂಥ ವಾದ್ಯ, ಅದರದ್ದು ಬರೀ ಎಂಟು ಸ್ವರ. ಮೇಷ್ಟ್ರು ಎರಡು ಸಲ ಕೇಳಿ ಸ್ಲೇಟಲ್ಲಿ ಬರೆದೇ ಬಿಟ್ರು: ಸ ಪ ದ ಗ ಮ ಸ ಮ ಪ. ಶುರುವಿನ ಸ ಮೇಲಿಂದು, ಆಮೇಲೆ ಎಲ್ಲಾ ಅದಕ್ಕಿಂತ ಕೆಳಗೆ ಇಳಿಯೋದು. ಶಂಕರಾಭರಣ ರಾಗ ಕಣಯ್ಯ ಇದು, ಈ ಎಂಟು ಸ್ವರಕ್ಕೆ ನೀನು ಮಾಯಾಮಾಳವಗೌಳದಲ್ಲಿ ನುಡಿಸ್ತಿರೋ ದ ಒಂದನ್ನ ಮೇಲಕ್ಕೆ ಸರಿಸಿದ್ರೆ ಆಯ್ತು, ಬಾಕಿ ಎಲ್ಲಾ ನಿನ್ನ ಹತ್ರ ಇದೆ ಅಂದ್ರು. ಇನ್ನೊಂದು ವಿಷ್ಯ, ನಮ್ಮ ಪಿಟೀಲಿನ ನಾಲ್ಕು ತಂತಿ ಸ ಪ ಸ ಪ ಅಂತ ಶ್ರುತಿ ಮಾಡಿರ್ತಾರಲ್ಲ, ಹಂಗಾಗಿ ಎಂಟು ಸ್ವರದಲ್ಲಿ ನಾಲ್ಕಕ್ಕೆ ಬೆರಳೇ ಬೇಡ, ಬಿಟ್ಟ ತಂತಿ ಮೇಲೆ ಕಮಾನು ಎಳೆದ್ರೆ ಸಾಕು. ನಾಲ್ಕು ನಿಮಿಷ ನನ್ನ ಅಳಿಸಿದ್ದರಲ್ಲಿ ಅರ್ಧ ನಾನು ಮೊದಲ್ನೇ ದಿನವೇ ನುಡಿಸಬಹುದಿತ್ತು!

ಚೆಲ್ಲೋ ಪಾಪ ಅದೇ ಎಂಟು ಸ್ವರಾನ 28 ಸಲ ನುಡಿಸುತ್ತೆ, ಒಂದು ಸಲಾನೂ ಬದಲಾಯಿಸದೆ. ಮೇಲಿನ ಪಿಟೀಲುಗಳು ಕುಣೀತವೆ, ಚಪ್ಪಾಳೆ ಅವುಕ್ಕೆ. ನಾನು ಈ 28ನ್ನ ಹಿಡ್ಕೊಂಡೆ. ಮಂಡೀಲಿ 20 ವರ್ಷ ಅದೇ ತೂಕ, ಅದೇ ದರ, ಅದೇ ಚೀಟಿ ಬರೆದವನಿಗೆ ಅದು ಒಗ್ತು ಅಂತ ಕಾಣುತ್ತೆ.

ಕಿವಿ ಕೇಳದೆ ಪಿಟೀಲು ಆಗುತ್ತಾ ಅನ್ನೋ ಅನುಮಾನ ಮಾತ್ರ ಹೋಗಿರ್ಲಿಲ್ಲ. ಒಂದ್ಸಲ ಮನೇಲಿ ಯಾರೂ ಇಲ್ದಾಗ ಒಳ್ಳೆ ಬಲಗಿವಿಗೂ ಹತ್ತಿ ತುರುಕಿ ಅದರ ಮೇಲೆ ಮಫ್ಲರ್ ಬಿಗಿದು ಕೂತೆ. ಕೆಳಗಿನ ಸ ಎಳೆದ್ರೆ ಎದೆ ಮೂಳೇಲಿ ಗುಂಯ್ ಅಂತು, ಹರಡಿನ ಹತ್ರ ಸಣ್ಣಗೆ ಕಚಗುಳಿ. ಪ ಎಳೆದ್ರೆ ಅದಕ್ಕಿಂತ ತೆಳು. ಬಿಟ್ಟ ತಂತಿಗಳು ಮೈಗೆ ಬೇರೆ ಬೇರೆಯಾಗಿ ಗೊತ್ತಾಗ್ತವೆ, ನಿಜ. ಆದ್ರೆ ದ ಸರಿಯಾಗಿ ಬಿತ್ತಾ ಇಲ್ವಾ ಅಂತ ಎದೆ ಹೇಳ್ಲಿಲ್ಲ, ಹತ್ತಿ ತೆಗೆದು ಕೇಳಿದ್ರೆ ಅಸಹ್ಯವಾಗಿತ್ತು. ಸ್ಕಾಟ್ಲೆಂಡಿನ ಎವೆಲಿನ್ ಗ್ಲೆನಿ 12ನೇ ವಯಸ್ಸಿಗೇ ಹೆಚ್ಚುಕಮ್ಮಿ ಪೂರ್ತಿ ಕಿವಿ ಕಳ್ಕೊಂಡು, ಬರಿಗಾಲಲ್ಲಿ ನಿಂತು ನೆಲದ ಅದುರು ಹಿಡಿದು ತಾಳವಾದ್ಯ ನುಡಿಸ್ತಾರೆ, ಪ್ರಪಂಚವೆಲ್ಲಾ ಕಛೇರಿ ಮಾಡಿದ್ದಾರೆ. ಸೋ ಜಾಹೀರಾತು ಪೂರ್ತಿ ಸುಳ್ಳಲ್ಲ, ಆದ್ರೆ ಡ್ರಮ್ ಬೇರೆ ಪಿಟೀಲು ಬೇರೆ ಅಂತ ನನ್ನ ಎದೆಮೂಳೆಯ ತೀರ್ಪು.

ಮಧ್ಯೆ ಬೆಂಗಳೂರಿಗೆ ಹೋದಾಗ ಪಿಟೀಲು ಆಕಾರದಲ್ಲೇ ಕಟ್ಟಿರೋ ಚೌಡಯ್ಯ ಸ್ಮಾರಕ ಭವನದ ಎದುರು ಸುಮ್ನೆ ಹತ್ತು ನಿಮಿಷ ನಿಂತಿದ್ದೆ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳ್ಲಿ ಅಂತ ಟಿ. ಚೌಡಯ್ಯನವರು ನಾಲ್ಕು ತಂತಿ ಸಾಲದೆ ಏಳು ತಂತಿ ಕಟ್ಟಿದ್ರು. ನಾಲ್ಕನ್ನೇ ಸಂಭಾಳಿಸಕ್ಕಾಗದೆ ಒದ್ದಾಡೋನಿಗೆ ಆ ಏಳು ಎಂಥದ್ದು ಅಂತ ಅಲ್ಲಿ ನಿಂತಾಗ ಬೆನ್ನು ಜುಂ ಅಂತು. ವಾಚ್‌ಮನ್ ಬಂದು ಯಾರು ಬೇಕಿತ್ತು ಸಾರ್ ಅಂದ.

ಹೋದ ದೀಪಾವಳಿಗೆ ಮಗಳು ಕೀಬೋರ್ಡಲ್ಲಿ ಮೇಲಿನ ರಾಗ ಕಲ್ತಿದ್ಳು, ಯೂಟ್ಯೂಬ್ ನೋಡ್ಕೊಂಡು, ಮೂರೇ ವಾರದಲ್ಲಿ, ಅದರ ಬಗ್ಗೆ ನಾನು ಮಾತಾಡಲ್ಲ. ಕೆಳಗಿನ ಎಂಟು ಸ್ವರ ನಂದು. ಸುತ್ತು ತಪ್ಪಬಾರ್ದು ಅಂತ ಒಂದು ತಟ್ಟೇಲಿ 28 ಚೂರು ಕೊಬ್ಬರಿ ಎಣಿಸಿಟ್ಟು, ಒಂದು ಸುತ್ತು ಆದ ತಕ್ಷಣ ಒಂದು ಚೂರು ಪಕ್ಕದ ತಟ್ಟೆಗೆ ಹಾಕು ಅಂತ ಚಿಕ್ಕ ಮಗನ್ನ ಕೂರಿಸಿದ್ದೆ. ಹೆಂಡ್ತಿ ಬಾಗಿಲಿಗೆ ಒರಗಿ ನಿಂತಿದ್ಳು, ಒಳಗೆ ಹೋಗ್ಲಿಲ್ಲ, ಅದೇ ನಂಗೆ ದೊಡ್ಡ ಸಭೆ. ಹತ್ತು ಸುತ್ತಿನವರೆಗೂ ಸರಿಯಾಗೇ ಇತ್ತು, ದ ಕೂಡ ಚೆನ್ನಾಗೇ ಬೀಳ್ತಿತ್ತು. ಆಮೇಲೆ ಓರೆಗಣ್ಣಲ್ಲಿ ನೋಡ್ತೀನಿ, ಮೊದಲ್ನೇ ತಟ್ಟೆ ಖಾಲಿಯಾಗ್ತಾ ಬಂದಿದೆ, ಎರಡ್ನೇ ತಟ್ಟೇಲಿ ಇರೋದು ನಾಲ್ಕೇ ಚೂರು, ಮಗನ ಕೆನ್ನೆ ಉಬ್ಬಿದೆ. ಮಂಡೀಲಿ ಒಂದು ಕೆಜಿ ಹೆಚ್ಚುಕಮ್ಮಿ ಆದ್ರೆ ರಾತ್ರಿಯೆಲ್ಲಾ ನಿದ್ದೆ ಬರದ ನಾನು, ಇದು ಹದಿನೈದ್ನೇದೋ ಇಪ್ಪತ್ತನೇದೋ ಗೊತ್ತಾಗದೆ, ಮಗಳು ನಿಲ್ಲಿಸೋವರೆಗೂ ಸ ಪ ದ ಗ ಮ ಸ ಮ ಪ ಎಳೀತಾನೇ ಇದ್ದೆ.