ಎಳೆದರೆ ಓಡುವ ಕುದುರೆ, ಬಿಟ್ಟರೆ ನಿಲ್ಲುವ ಕುದುರೆ

ಕಸ್ತೂರಿ ಬೆಂಗಳೂರಿನ ರೇಸಿನಿಂದ ನಿವೃತ್ತಳಾದ ಹೆಣ್ಣು ಕುದುರೆ. ಅವಳ ಮೇಲೆ ಮೊದಲ ಸಲ ಕೂತ ದಿನ, ನಡಿಗೆ ಸ್ವಲ್ಪ ಜೋರಾಯಿತು ಅನ್ನಿಸಿ ಲಗಾಮು ಎಳೆದೆ. ಅವಳು ಇನ್ನೂ ಜೋರಾದಳು. ಹೆದರಿ ಮತ್ತಷ್ಟು ಎಳೆದೆ. ಆಗ ನಿಜಕ್ಕೂ ಓಡಿದಳು. ಬೇಲಿ ಹತ್ತಿರ ನಿಂತಿದ್ದ, ಕುದುರೆ ನೋಡಿಕೊಳ್ಳುವ ವಯಸ್ಸಾದ ಸೈಸ್ ಒಬ್ಬರು ಕೂಗಿದ್ದು ಒಂದೇ ಮಾತು: ‘ಕೈ ಬಿಡಿ, ಕೈ ಬಿಡಿ!’ ಬಿಟ್ಟೆ. ಅರ್ಧ ಸುತ್ತು ಓಡಿ, ಒಂದು ದೊಡ್ಡ ಉಸಿರು ಬಿಟ್ಟು, ಅವಳು ನಡಿಗೆಗೆ ಇಳಿದಳು.

ರೇಸಿನಲ್ಲಿ ಬೆಳೆದ ಕುದುರೆಗೆ ಲಗಾಮು ಬಿಗಿಯಾಯಿತು ಅಂದರೆ ಅದಕ್ಕೆ ಆತುಕೊಂಡು ಓಡು ಎಂದು ಅರ್ಥ. ಕಸ್ತೂರಿ ಹಟ ಮಾಡುತ್ತಿರಲಿಲ್ಲ. ಕಲಿತದ್ದನ್ನು ಚೆನ್ನಾಗಿ ಮಾಡುತ್ತಿದ್ದಳು, ಅಷ್ಟೇ. ನನ್ನ ಭಾಷೆ ಅವಳಿಗೆ ಗೊತ್ತಿರಲಿಲ್ಲ, ಅವಳದ್ದು ನನಗೆ ಗೊತ್ತಿರಲಿಲ್ಲ. ನಮ್ಮ ಸವಾರಿ ಶಾಲೆಗಳಲ್ಲಿ ಇಂಥ ರೇಸ್ ಕುದುರೆಗಳು ಬಹಳ. ಮನೆಗೆ ಕುದುರೆ ತರುವವರಿಗೆ ಸಿಗುವುದೂ ಎಷ್ಟೋ ಸಲ ಇವೇ. ಹಾಗಾಗಿ ಇಂಥ ಕುದುರೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಮೊದಲ ಕೆಲವು ವಾರ ಏನು ಮಾಡಬೇಕು ಎಂದು ಬರೆಯುತ್ತಿದ್ದೇನೆ.

‘ನ್ಯಾಚುರಲ್ ಹಾರ್ಸ್‌ಮನ್‌ಶಿಪ್’ ಎಂದು ಇಂದು ಕರೆಯುವ, ಹೊಡೆಯದೆ ಕುದುರೆಯ ಸ್ವಭಾವ ತಿಳಿದು ಕಲಿಸುವ ಈ ದಾರಿ ಬಂದದ್ದು ಅಮೆರಿಕದ ಪಶ್ಚಿಮ ಭಾಗದ ದನ ಕಾಯುವ ಬಯಲುಗಳಿಂದ. ಆರೆಗಾನ್‌ನಲ್ಲಿ ಬೆಳೆದ ಬಿಲ್ ಡೋರನ್ಸ್ ಮತ್ತು ಟಾಮ್ ಡೋರನ್ಸ್ ಎಂಬ ಅಣ್ಣತಮ್ಮಂದಿರು, ಹೊಡೆದು ಬಗ್ಗಿಸುವುದೇ ರೂಢಿಯಾಗಿದ್ದ ಕಾಲದಲ್ಲಿ, ಕುದುರೆಗೆ ಯೋಚಿಸಲು ಸಮಯ ಕೊಡುತ್ತಿದ್ದರು. ಟಾಮ್ ಬದುಕಿದ್ದು 1910ರಿಂದ 2003ರವರೆಗೆ. ಇಡಾಹೊದ ರೇ ಹಂಟ್ ತಮ್ಮ ಹೊಂಡೊ ಎಂಬ ಒದೆಯುವ ಕುದುರೆಯ ಕಾಟ ತಾಳದೆ ಟಾಮ್ ಹತ್ತಿರ ಬಂದರು. ಆಮೇಲೆ ಅವರೇ ಊರೂರು ಸುತ್ತಿ ಈ ವಿದ್ಯೆ ಹಂಚಿದರು. ತಪ್ಪನ್ನು ಕಷ್ಟವಾಗಿಸು, ಸರಿಯನ್ನು ಸುಲಭವಾಗಿಸು ಎಂಬುದು ಅವರ ಪಾಠದ ತಿರುಳು.

ಶುರು ಮಾಡುವ ಮೊದಲು

ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಸಿಗುವ ಪ್ರಾಣಿ. ಅದರ ಕಣ್ಣು ತಲೆಯ ಎರಡೂ ಪಕ್ಕದಲ್ಲಿವೆ. ಸುತ್ತಲಿನ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಎರಡೇ ಜಾಗ: ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ. ಕುದುರೆಯ ಹಿಂದೆ ನಿಲ್ಲಬೇಡ ಎಂದು ಹಿರಿಯರು ಹೇಳುತ್ತಿದ್ದದ್ದು ಇದಕ್ಕೇ. ಆದರೆ ನಾವು ಪ್ರೀತಿಯಿಂದ ಎದುರಿಗೆ ಹೋಗಿ ಹಣೆ ಸವರುತ್ತೇವಲ್ಲ, ಅದೂ ಅದಕ್ಕೆ ಕಾಣದ ಜಾಗವೇ. ಇದನ್ನು ಮಾತ್ರ ಯಾರೂ ನೆನಪಿಸುವುದಿಲ್ಲ.

ಇನ್ನೊಂದು ವಿಷಯ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆ ಎಂದು ದೊಡ್ಡ ಸುದ್ದಿಯಾಗಿತ್ತು. ಪ್ರಶ್ನೆ ಕೇಳಿದರೆ ಗೊರಸು ತಟ್ಟಿ ಉತ್ತರ ಹೇಳುತ್ತಿತ್ತು. 1907ರಲ್ಲಿ ಓಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಬಿಡಿಸಿ ತೋರಿಸಿದರು. ಸರಿಯಾದ ಸಂಖ್ಯೆ ಬಂದ ಕೂಡಲೇ ಪ್ರಶ್ನೆ ಕೇಳಿದವರ ತಲೆ, ಮುಖ ತಮಗೇ ಗೊತ್ತಾಗದಷ್ಟು ಸಣ್ಣಗೆ ಅಲುಗುತ್ತಿತ್ತು. ಹಾನ್ಸ್ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಹಾನ್ಸ್‌ಗೆ ಲೆಕ್ಕ ಬರುವುದಿಲ್ಲ ಎಂದು ಜನರಿಗೆ ನಿರಾಸೆಯಾಯಿತು. ನನಗೆ ಮಾತ್ರ ಇದು ಲೆಕ್ಕಕ್ಕಿಂತ ದೊಡ್ಡ ಜಾಣತನ ಅನ್ನಿಸುತ್ತದೆ. ಇಷ್ಟು ಸೂಕ್ಷ್ಮವಾಗಿ ನಮ್ಮನ್ನು ಓದುವ ಪ್ರಾಣಿಯ ಹತ್ತಿರ ಕೂಗುವ ಅಗತ್ಯ ಏನಿದೆ, ಅಲ್ವಾ?

ಹೆಲ್ಮೆಟ್, ಗಟ್ಟಿ ಬೂಟು, ಕೈಗವಸು ಇರಲಿ. ಸುಮಾರು 12 ಅಡಿ ಉದ್ದದ ಹತ್ತಿ ಹಗ್ಗ, ಒಂದು ಹಾಲ್ಟರ್ (ಕುದುರೆಯ ತಲೆಗೆ ಹಾಕುವ ಪಟ್ಟಿ) ಸಾಕು. ಹಗ್ಗವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡಿ. ಮಡಚಿ ಹಿಡಿಯಿರಿ. ಕುದುರೆ ಹಾರಿದರೆ ಸುತ್ತಿದ ಹಗ್ಗ ಬೆರಳು ಕಿತ್ತುಬಿಡುತ್ತದೆ. ಕುದುರೆ ನಿಮಗೆ ಹೊಸದಾಗಿದ್ದರೆ ಅನುಭವ ಇರುವ ಒಬ್ಬರು ಜೊತೆಗಿರಲಿ.

ಮೊದಲು ಸುಮ್ನೆ ಕೂರುವುದು

ಬೇಲಿ ಹಾಕಿದ ಜಾಗದಲ್ಲಿ ಕುದುರೆಯನ್ನು ಬಿಡಿ. ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು 20 ನಿಮಿಷ ಕೂರಿ. ಕ್ಯಾರೆಟ್ ಬೇಡ, ಬೆಲ್ಲ ಬೇಡ, ಫೋನಂತೂ ಬೇಡವೇ ಬೇಡ. ಕಿವಿ ನೋಡಿ. ಒಂದು ಕಿವಿ ನಿಮ್ಮ ಕಡೆ ತಿರುಗಿತು ಅಂದರೆ ಅದರ ಗಮನದ ಒಂದು ಪಾಲು ನಿಮ್ಮದು. ಎರಡೂ ಕಿವಿ ಹಿಂದಕ್ಕೆ ಅಂಟಿಕೊಂಡರೆ ದೂರ ಇರಿ. ತಲೆ ಎತ್ತಿ, ಮೂಗಿನ ಹೊಳ್ಳೆ ಅರಳಿಸಿ ನಿಂತರೆ ಏನೋ ಭಯ. ತಲೆ ಇಳಿಸಿ, ಒಂದು ಹಿಂಗಾಲು ಸಡಿಲ ಬಿಟ್ಟು ನಿಂತರೆ ನೆಮ್ಮದಿಯಾಗಿದೆ.

ಮೂರು ನಾಲ್ಕು ದಿನ ಇಷ್ಟೇ ಮಾಡಿ. ಬಹಳ ಜನ ಈ ಹೆಜ್ಜೆಯನ್ನು ಹಾರಿಸಿಬಿಡುತ್ತಾರೆ. ಆದರೆ ನೀವು ಬಂದರೆ ಪ್ರತಿ ಸಲ ಕೆಲಸ ಇರುವುದಿಲ್ಲ ಎಂಬುದು ಕುದುರೆಗೆ ಗೊತ್ತಾಗುವುದು ಇಲ್ಲೇ.

ಹತ್ತಿರ ಹೋಗುವುದು, ವಾಪಸ್ ಬರುವುದು

ನೇರವಾಗಿ, ಕಣ್ಣಲ್ಲಿ ಕಣ್ಣಿಟ್ಟು ಹೋಗಬೇಡಿ. ಹುಲಿ ಹಾಗೆ ಬರುತ್ತದೆ. ಸ್ವಲ್ಪ ಬಳಸಿಕೊಂಡು, ಹೆಗಲಿನ ಕಡೆ ನಡೆಯಿರಿ. ಕುದುರೆ ತಲೆ ಎತ್ತಿದ ಕೂಡಲೇ ನಿಲ್ಲಿ. ಅದು ಹೊರಟು ಹೋಗುವ ಮೊದಲೇ ನೀವು ಎರಡು ಹೆಜ್ಜೆ ಹಿಂದೆ ಬನ್ನಿ. ಅದು ಉಸಿರು ಬಿಡಲಿ. ಮತ್ತೆ ಹೋಗಿ. ನೀವು ಹಿಂದೆ ಸರಿದಷ್ಟೂ ಅದಕ್ಕೆ ನಿಮ್ಮ ಮೇಲೆ ಕುತೂಹಲ ಜಾಸ್ತಿಯಾಗುತ್ತದೆ. ಕಸ್ತೂರಿ ಮೂರನೇ ದಿನ ತಾನಾಗಿ ಬಂದು ನನ್ನ ತೋಳು ಮೂಸಿದಳು. ಕೈ ಹಿಂಭಾಗವನ್ನು ಮೂಸಲು ಕೊಡಿ. ಮುಟ್ಟುವ ಆತುರ ಬೇಡ.

ಮುಟ್ಟುವುದಾದರೆ ಎಲ್ಲಿ? ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ ಒಂದು ದಿಬ್ಬ ಇದೆಯಲ್ಲ, ಅಲ್ಲಿ. ಕುದುರೆಗಳು ಎದುರುಬದುರು ನಿಂತು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅದೇ ಜಾಗವನ್ನು. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಭಾಗವನ್ನು ಕೆರೆದಾಗ ಎದೆಬಡಿತ ಇಳಿಯುವುದು ಕಂಡುಬಂತು. ಕತ್ತಿನ ಮೇಲೆ ಪಟಪಟ ತಟ್ಟಿ ‘ಶಭಾಷ್’ ಅನ್ನುವ ಅಭ್ಯಾಸ ಬಿಟ್ಟುಬಿಡಿ. ಮೈಮೇಲೆ ಒಂದು ನೊಣ ಕೂತರೆ ಚರ್ಮ ನಡುಗಿಸುವ ಪ್ರಾಣಿ ಅದು. ಬೆರಳ ತುದಿಯಿಂದ ನಿಧಾನ ಕೆರೆಯಿರಿ. ಮೇಲ್ತುಟಿ ಉದ್ದವಾಗಿ ಅಲುಗತೊಡಗಿದರೆ ಸರಿಯಾದ ಜಾಗ ಸಿಕ್ಕಿತು ಎಂದು ತಿಳಿಯಿರಿ.

ಹಗ್ಗದ ಪಾಠ

ಇಡೀ ವಿದ್ಯೆ ಇಲ್ಲಿದೆ. ನಿಧಾನವಾಗಿ ಓದಿ.

ಹಾಲ್ಟರ್ ಹಾಕಿ, ಕುದುರೆಯ ಎದುರಿಗೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಅದು ಒಂದು ಹೆಜ್ಜೆ ಹಿಂದೆ ಹೋಗಬೇಕು, ಅಷ್ಟೇ ಗುರಿ. ಮೊದಲು ನೀವು ನೆಟ್ಟಗೆ ನಿಂತು ಅದರ ಎದೆ ನೋಡಿ. ಎರಡು ಸೆಕೆಂಡು ಕಾಯಿರಿ. ಏನೂ ಆಗಲಿಲ್ಲವೇ? ಗದ್ದದ ಕೆಳಗಿನ ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು, ಒಂದು ಮಾವಿನಹಣ್ಣಿನ ಭಾರದಷ್ಟು ಅದರ ಎದೆಯ ಕಡೆಗೆ ಒತ್ತಿ. ಆಗಲೂ ಇಲ್ಲವೇ? ಇನ್ನೂ ಸ್ವಲ್ಪ. ಎಳೆದಾಡಬೇಡಿ, ಜಗ್ಗಬೇಡಿ. ಒತ್ತಡ ಒಂದೇ ಸಮ ಇರಲಿ. ಕುದುರೆ ತಲೆ ಅಲ್ಲಾಡಿಸಬಹುದು, ಮುಂದಕ್ಕೆ ತಳ್ಳಬಹುದು. ಅದು ಉತ್ತರ ಹುಡುಕುತ್ತಿದೆ. ಹುಡುಕಲಿ.

ಅದರ ಮೈಭಾರ ಹಿಂದಕ್ಕೆ ವಾಲಿದ ಕ್ಷಣ, ಕಾಲು ಎತ್ತುವ ಮೊದಲೇ, ಕೈ ಪೂರ್ತಿ ಸಡಿಲ ಬಿಡಿ. ಒಂದು ಸೆಕೆಂಡಿನ ಒಳಗೆ. ಕುದುರೆಗೆ ಪಾಠ ಹೋಗುವುದು ಆ ಸಡಿಲದಲ್ಲಿ. ತಡ ಮಾಡಿದರೆ, ಆಮೇಲೆ ಅದು ಏನು ಮಾಡುತ್ತಿತ್ತೋ ಅದನ್ನು ಕಲಿಯುತ್ತದೆ. ಅದು ಮುಂದಕ್ಕೆ ತಳ್ಳಿದಾಗ ನಿಮ್ಮ ಕೈ ಸೋತು ಬಿಟ್ಟರೆ? ತಳ್ಳುವುದನ್ನೇ ಕಲಿಸಿದಂತಾಯಿತು. ‘ನಮ್ಮ ಕುದುರೆ ಮಾತು ಕೇಳಲ್ಲ’ ಎನ್ನುವ ದೂರುಗಳಲ್ಲಿ ಬಹುಪಾಲು ಇಲ್ಲಿ ಹುಟ್ಟುತ್ತವೆ ಎಂದು ನಾನು ನಂಬಿದ್ದೇನೆ. ನಾವೇ ತಪ್ಪು ಹೊತ್ತಿಗೆ ಬಿಟ್ಟಿರುತ್ತೇವೆ, ಇಲ್ಲವೇ ಬಿಡುವುದನ್ನೇ ಮರೆತಿರುತ್ತೇವೆ.

ಬಿಟ್ಟ ಮೇಲೆ ಹತ್ತಿಪ್ಪತ್ತು ಸೆಕೆಂಡು ಏನೂ ಕೇಳಬೇಡಿ. ಕುದುರೆ ನಾಲಿಗೆ ಹೊರಳಿಸಿ ಬಾಯಿ ಜಗಿಯಬಹುದು, ಆಕಳಿಸಬಹುದು. ಹಿಡಿದಿಟ್ಟ ಬಿಗಿ ಸಡಿಲವಾಗುತ್ತಿರುವ ಗುರುತು ಅದು. ಮತ್ತೆ ಕೇಳುವಾಗ ಮೊದಲಿನ ಹಾಗೆ ಬರಿಯ ನೋಟದಿಂದಲೇ ಶುರು ಮಾಡಿ. ಐದಾರು ಸಲದಲ್ಲಿ ಹಗ್ಗದ ಭಾರ ಕಡಿಮೆ ಸಾಕಾಗುತ್ತದೆ. ಕೆಲವು ದಿನಗಳಲ್ಲಿ ನೀವು ನೆಟ್ಟಗೆ ನಿಂತರೇ ಅದು ಹಿಂದೆ ಹೋಗುತ್ತದೆ. ಹಾನ್ಸ್ ನೆನಪಾಯಿತೇ?

ತಲೆಯನ್ನು ಎಡಕ್ಕೆ, ಬಲಕ್ಕೆ ಬಾಗಿಸುವುದು, ಹಿಂಭಾಗವನ್ನು ಪಕ್ಕಕ್ಕೆ ಸರಿಸುವುದು ಎಲ್ಲವೂ ಇದೇ ಕ್ರಮ. ಎರಡೂ ಬದಿಯಲ್ಲಿ ಮಾಡಿ. ರೇಸ್ ಕುದುರೆಗಳನ್ನು ಹೆಚ್ಚಾಗಿ ಎಡಗಡೆಯಿಂದಲೇ ಹಿಡಿದು ಓಡಾಡಿಸಿರುತ್ತಾರೆ. ಬಲಗಡೆ ನೀವು ಹೊಸ ಮನುಷ್ಯರೇ. ದಿನಕ್ಕೆ 15 ನಿಮಿಷ ಸಾಕು.

ಪ್ಲಾಸ್ಟಿಕ್ ಚೀಲ, ಕೊಡೆ

ಇನ್ನು ಹೆದರಿಕೆ ಬಿಡಿಸುವುದು. ಕೋಲಿನ ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಅದನ್ನು ಕುದುರೆಯ ಕಡೆಗೆ ತರಬೇಡಿ. ನೀವು ಮುಂದೆ ನಡೆಯಿರಿ, ಚೀಲ ನಿಮ್ಮ ಮುಂದೆ ಇರಲಿ, ಕುದುರೆ ಹಿಂದೆ ಬರಲಿ. ಹೆದರಿಸುವ ವಸ್ತು ತನ್ನಿಂದ ದೂರ ಹೋಗುತ್ತಿದ್ದರೆ ಕುದುರೆಗೆ ಧೈರ್ಯ ಬರುತ್ತದೆ, ತಾನೇ ಅಟ್ಟುತ್ತಿದ್ದೇನೆ ಅನ್ನುವ ಹಾಗೆ. ಆಮೇಲೆ ದೂರದಿಂದ ಮೆಲ್ಲಗೆ ಅಲ್ಲಾಡಿಸಿ, ಅದು ನಿಂತ ಕೂಡಲೇ ಚೀಲ ಇಳಿಸಿ. ಕೊಡೆಗೂ ಹೀಗೇ.

ಅಟ್ಟಾಡಿಸುವ ಬಗ್ಗೆ ಒಂದು ಮಾತು

ದುಂಡು ಬೇಲಿಯೊಳಗೆ ಕುದುರೆಯನ್ನು ಓಡಿಸಿ, ದಣಿದು ಅದು ತಾನಾಗಿ ನಮ್ಮ ಹಿಂದೆ ಬರುವ ವಿಡಿಯೋಗಳನ್ನು ನೀವು ನೋಡಿರಬಹುದು. ಅಮೆರಿಕದ ಕುದುರೆ ತರಬೇತುದಾರ ಮಾಂಟಿ ರಾಬರ್ಟ್ಸ್ ಇದನ್ನು ‘ಜಾಯಿನ್-ಅಪ್’ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ತೋರಿಸಿದರು. ನೋಡಲು ಮನಸ್ಸು ತುಂಬುತ್ತದೆ, ನಿಜ. ಆದರೆ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಮನುಷ್ಯರ ಬದಲು ರಿಮೋಟ್ ಕಾರು ಬಿಟ್ಟು ಇದನ್ನು ಪರೀಕ್ಷಿಸಿದರು. ಕುದುರೆಗಳು ಕಾರಿನ ಕಡೆಗೂ ಬಂದವು. ಹತ್ತಿರ ಬಂದರೆ ಅಟ್ಟುವುದು ನಿಲ್ಲುತ್ತದೆ ಎಂದು ಕಲಿತು ಬಂದವು. ಹಾಗಾಗಿ ಹೊಸಬರು ಇದನ್ನು ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಕಾಲಿಗೂ ಪೆಟ್ಟು. ಓಡುವುದನ್ನೇ ಕೆಲಸ ಮಾಡಿಕೊಂಡು ಬಂದ ಕುದುರೆಗೆ ಮತ್ತೆ ಓಟದಿಂದಲೇ ಪರಿಚಯ ಯಾಕೆ?

ಹೊಟ್ಟೆ, ಹಲ್ಲು, ಬೆನ್ನು

ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬಂದರೆ, ಬಾಲ ಬೀಸಿದರೆ, ಸೊಕ್ಕು ಅನ್ನಬೇಡಿ. ಮೊದಲು ಪಶುವೈದ್ಯರನ್ನು ಕರೆಸಿ. ರೇಸ್ ಕುದುರೆಗಳಲ್ಲಿ ಹೊಟ್ಟೆಹುಣ್ಣು ಬಹಳ ಸಾಮಾನ್ಯ. ಕುದುರೆಯ ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಹುಲ್ಲು ಇಲ್ಲದೆ ಗಂಟೆಗಟ್ಟಲೆ ನಿಂತರೆ ಅದೇ ಸುಡುತ್ತದೆ. 450 ಕಿಲೋ ತೂಗುವ ಕುದುರೆಗೆ ದಿನಕ್ಕೆ ಕನಿಷ್ಠ 7 ಕಿಲೋ ಒಣಹುಲ್ಲು ಬೇಕು, ಅದನ್ನೂ ಹಲವು ಸಲ ಹಂಚಿ ಕೊಡಬೇಕು. ಹುರುಳಿ, ಓಟ್ಸ್ ಜಾಸ್ತಿ, ಕೆಲಸ ಕಡಿಮೆ ಆದರೆ ಕುದುರೆ ಸಿಡಿಯುತ್ತದೆ. ಹಲ್ಲು ಚೂಪಾಗಿದೆಯೇ, ಜೀನು ಬೆನ್ನಿಗೆ ಒತ್ತುತ್ತಿದೆಯೇ ನೋಡಿಸಿ. ಮತ್ತೆ, ಒಂಟಿಯಾಗಿ ಇಡಬೇಡಿ. ಇನ್ನೊಂದು ಕುದುರೆ ಕಣ್ಣಿಗಾದರೂ ಕಾಣುತ್ತಿರಲಿ.

ಏರುವ ದಿನ

ರೇಸ್ ಕುದುರೆಯನ್ನು ಅನೇಕ ಸಲ ಅದು ನಡೆಯುತ್ತಿರುವಾಗಲೇ ಜಾಕಿಯನ್ನು ಎತ್ತಿ ಕೂರಿಸಿರುತ್ತಾರೆ. ನಿಂತು ಕಾಯಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಮೆಟ್ಟಿಲಿನ ಪಕ್ಕ ನಿಲ್ಲಿಸಿ. ನೀವು ಮೆಟ್ಟಿಲು ಹತ್ತಿ, ಅದು ನಿಂತರೆ ಇಳಿಯಿರಿ. ರಿಕಾಪಿಗೆ ಕಾಲಿಟ್ಟು, ನಿಂತರೆ ತೆಗೆಯಿರಿ. ಬೆನ್ನ ಮೇಲೆ ಅರ್ಧ ಭಾರ ಹಾಕಿ, ನಿಂತರೆ ವಾಪಸ್ ಬನ್ನಿ. ಹಗ್ಗದಲ್ಲಿ ಕಲಿತ ಪಾಠವೇ ಇದು. ಇಲ್ಲಿ ಸಡಿಲ ಬಿಡುವುದು ನಿಮ್ಮ ಮೈಭಾರವನ್ನು.

ಕಸ್ತೂರಿಗೆ ಇದಕ್ಕೆ ಒಂಬತ್ತು ದಿನ ಹಿಡಿಯಿತು. ಹತ್ತನೇ ದಿನ ಕೂತೆ. ಲಗಾಮು ಉದ್ದ ಬಿಟ್ಟು, ಕೈಯನ್ನು ಕತ್ತು ಮುಗಿಯುವ ಕಡೆಯ ಆ ದಿಬ್ಬದ ಮೇಲೆ ಇಟ್ಟುಕೊಂಡು, ಒಂದರಿಂದ ಅರವತ್ತರವರೆಗೆ ಎಣಿಸಿದೆ. ಅವಳು ಒಂದು ಕಿವಿಯನ್ನು ಹಿಂದೆ ನನ್ನ ಕಡೆ ತಿರುಗಿಸಿ ನಿಂತೇ ಇದ್ದಳು. ಇಳಿದು, ಪಟ್ಟಿ ಸಡಿಲಿಸಿ, ಹುಲ್ಲಿಗೆ ಬಿಟ್ಟೆ. ಆ ದಿನದ ಸವಾರಿ ಅಷ್ಟೇ. ನಿಮ್ಮದೂ ಮೊದಲ ದಿನ ಅಷ್ಟೇ ಇರಲಿ.