ಅಡಿಯಲ್ಲಿ ಮೂಲಂಗಿ, ಮೇಲೆ ಮೀನು

ಕೊರಿಯಾದವರ ಖಾರದ ಮೀನು ಜೋರಿಮ್ ಮಾಡಬೇಕು ಅಂದರೆ ಮೊದಲು ಒಳ್ಳೆ ಮೂಲಂಗಿ ಹುಡುಕಿ, ಮೀನು ಆಮೇಲೆ. ಜೋರಿಮ್ ಅಂದರೆ ಮಸಾಲೆ ನೀರಲ್ಲಿ ಕುದಿಸಿ ಇಂಗಿಸಿದ್ದು. ಮೀನಿನ ರಸ, ಸೋಯಾ ಸಾಸ್, ಖಾರ ಎಲ್ಲ ಕೊನೆಗೆ ಹೋಗಿ ಸೇರುವುದು ಮೂಲಂಗಿಗೇ. ನಾನಂತೂ ತಟ್ಟೆಯಲ್ಲಿ ಮೊದಲು ಅದಕ್ಕೇ ಕೈ ಹಾಕುವುದು.

ಅಲ್ಲಿ ಹೆಚ್ಚಾಗಿ ಮ್ಯಾಕರೆಲ್ ಹಾಕುತ್ತಾರೆ. ನಮ್ಮ ಬಂಗುಡೆಯ ಬಳಗದ್ದೇ, ಆದರೆ ದೊಡ್ಡದು, ಎಣ್ಣೆ ಜಾಸ್ತಿ. ಇನ್ನೊಂದು ಗಾಲ್ಚಿ, ಬೆಳ್ಳಿ ಪಟ್ಟಿಯಂಥ ಉದ್ದನೆ ಮೀನು. ರಾಜಧಾನಿ ಸಿಯೋಲ್‌ನ ನಾಮ್‌ದೇಮುನ್ ಮಾರುಕಟ್ಟೆಯಲ್ಲಿ ಗಾಲ್ಚಿ ಜೋರಿಮ್‌ನದೇ ಒಂದು ಓಣಿ ಇದೆ.

ಮುಕ್ಕಾಲು ಕಿಲೋ ಮೀನಿಗೆ ಸುಮಾರು 400 ಗ್ರಾಂ ಮೂಲಂಗಿ ಸಾಕು. ಎರಡು ಬೆರಳು ದಪ್ಪಕ್ಕೆ ಹೆಚ್ಚಿ. ತೆಳ್ಳಗಾದರೆ ಕರಗಿಬಿಡುತ್ತದೆ. ಅಗಲ ಪಾತ್ರೆಯ ಅಡಿಗೆ ಹರಡಿ, ಎರಡನೇ ಸಲ ಅಕ್ಕಿ ತೊಳೆದ ಅಕ್ಕಚ್ಚು ಎರಡೂವರೆ ಲೋಟ ಹಾಕಿ. ವಾಸನೆ ತಗ್ಗುತ್ತದೆ, ರಸಕ್ಕೂ ಸ್ವಲ್ಪ ಮೈ ಬರುತ್ತದೆ. 10 ನಿಮಿಷ ಬರೀ ಮೂಲಂಗಿಯೇ ಬೇಯಲಿ. ಮೊದಲ ಸಲ ನಾನು ಎರಡನ್ನೂ ಒಟ್ಟಿಗೆ ಹಾಕಿ, ಮೀನು ಪುಡಿಯಾಗಿ ಮೂಲಂಗಿ ಹಸಿಯಾಗೇ ಉಳಿದಿತ್ತು.

ಮಸಾಲೆಗೆ ಗೊಚುಗಾರು, ಅಂದರೆ ಅವರ ತರಿ ಖಾರದ ಪುಡಿ, 3 ದೊಡ್ಡ ಚಮಚ. ಸೋಯಾ ಸಾಸ್ 4, ಗೊಚುಜಾಂಗ್ (ಹುದುಗಿಸಿದ ಮೆಣಸಿನ ಪೇಸ್ಟ್) 1, ಜಜ್ಜಿದ ಬೆಳ್ಳುಳ್ಳಿ 1. ಚೂರು ಶುಂಠಿ, ಒಂದು ಚಿಕ್ಕ ಚಮಚ ಸಕ್ಕರೆ. ಚಳಿಗಾಲದ ಮೂಲಂಗಿ ತಾನೇ ಸಿಹಿ, ಆಗ ಸಕ್ಕರೆ ಬೇಡ. ಉಪ್ಪಂತೂ ಬೇಡವೇ ಬೇಡ, ಸೋಯಾ ಸಾಸ್‌ನಲ್ಲೇ ಬೇಕಾದಷ್ಟಿದೆ. ಗೊಚುಗಾರು ಸಿಗದಿದ್ದರೆ ಬ್ಯಾಡಗಿ ಮೆಣಸಿನ ಬೀಜ ತೆಗೆದು ತರಿತರಿಯಾಗಿ ಪುಡಿ ಮಾಡಿ. ಬಣ್ಣ ಹಾಗೇ ಬರುತ್ತದೆ, ಖಾರವೂ ಮಿತಿ ಮೀರುವುದಿಲ್ಲ. ಧನಿಯಾ ಬೆರೆತ ಸಾರಿನ ಪುಡಿ ಮಾತ್ರ ಹಾಕಬೇಡಿ, ರುಚಿಯೇ ಬೇರೆಯಾಗುತ್ತದೆ.

ಈಗ ಮೀನು ಜೋಡಿಸಿ, ಮಸಾಲೆ ಸುರಿಯಿರಿ. ಮೊದಲ ಐದು ನಿಮಿಷ ಮುಚ್ಚಳ ಬೇಡ, ಹಸಿ ವಾಸನೆ ಹೋಗಲಿ. ಆಮೇಲೆ ಅರ್ಧ ಮುಚ್ಚಿ, ಮಧ್ಯಮ ಉರಿಯಲ್ಲಿ ಇನ್ನೊಂದು 10 ನಿಮಿಷ. ಮೀನು ತಿರುವಿ ಹಾಕಲು ಕೈ ತುರಿಸುತ್ತದೆ, ಅಲ್ವಾ? ಬೇಡ. ಸೌಟಿನಲ್ಲಿ ರಸ ಎತ್ತಿ ಮೇಲೆ ಹುಯ್ಯುತ್ತಾ ಇರಿ. ಕೊನೆಗೆ ಈರುಳ್ಳಿ ಸೊಪ್ಪು, ಹಸಿಮೆಣಸು ಹಾಕಿ ಮೂರು ನಿಮಿಷ ಬಿಡಿ. ರಸ ತೀರಾ ಬತ್ತಿಸಬೇಡಿ, ಬಿಸಿ ಅನ್ನಕ್ಕೆ ಕಲಸಿಕೊಳ್ಳಲು ಬೇಕು.

ಗಾಲ್ಚಿ ಮಾಡಿದ್ದರೆ ಎರಡೂ ಅಂಚಿನ ಸಣ್ಣ ಮುಳ್ಳಿನ ಸಾಲನ್ನು ಪೂರ್ತಿ ಬಿಡಿಸಿಯೇ ಮಕ್ಕಳ ತಟ್ಟೆಗೆ ಹಾಕಿ.