ಅರ್ಧ ಸೆಕೆಂಡಿನ ಮೋಸ

ಉಡುಪಿಯ ಜುಲೈ ಗೊತ್ತಲ್ವಾ? ವಾರಗಟ್ಟಲೆ ಆಕಾಶವೇ ಕಾಣುವುದಿಲ್ಲ. ಅಂಥದ್ದೊಂದು ಮಳೆಯಲ್ಲಿ ನಾನು 450 ಕಿಲೋಮೀಟರ್ ಎತ್ತರದ ಅಯಾನುಗೋಳದಲ್ಲಿ, ಅಂದರೆ ಬಿಸಿಲು ಗಾಳಿಯ ಕಣಗಳಿಂದ ಎಲೆಕ್ಟ್ರಾನ್ ಕಿತ್ತುಹಾಕಿದ ಪದರದಲ್ಲಿ, ಎಷ್ಟು ಎಲೆಕ್ಟ್ರಾನ್ ಇವೆ ಎಂದು ಲೆಕ್ಕ ಹಾಕುತ್ತ ಕೂತಿದ್ದೆ. "ಅದಿರಲಿ, ಬಟ್ಟೆ ಒಣಗುವುದು ಯಾವಾಗ ಹೇಳು" ಅಂದರು ಅಮ್ಮ.

ಡೇಟಾ ಪುಕ್ಕಟೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2013ರಲ್ಲಿ ಹಾರಿಸಿದ ಸ್ವಾರ್ಮ್ ಉಪಗ್ರಹಗಳು ಸೆಕೆಂಡಿಗೆ ಎರಡು ಸಲ ಎಲೆಕ್ಟ್ರಾನ್ ಸಾಂದ್ರತೆ ಅಳೆಯುತ್ತವೆ. ಉಪಗ್ರಹ ಇಲ್ಲದ ಜಾಗದಲ್ಲಿ ಎಷ್ಟಿತ್ತು ಎಂದು ಡೇಟಾ ನೋಡಿ ಕಲಿಯುವ ಕಂಪ್ಯೂಟರ್ ಮಾಡೆಲ್ ಹೇಳಬೇಕು. ಜಾಗ, ಸ್ಥಳೀಯ ಸಮಯ, ತಾರೀಕು, ಸೂರ್ಯನ ಚುರುಕು ತಿಳಿಸುವ ಎಫ್10.7, ಭೂಮಿಯ ಕಾಂತಕ್ಷೇತ್ರದ ಗಲಿಬಿಲಿ ತಿಳಿಸುವ ಕೆಪಿ, ಇಷ್ಟನ್ನು ಕೊಟ್ಟು ಗ್ರೇಡಿಯಂಟ್ ಬೂಸ್ಟಿಂಗ್ (ಪುಟ್ಟ ಪುಟ್ಟ ಮಾಡೆಲ್‌ಗಳು ಹಿಂದಿನದರ ತಪ್ಪನ್ನು ತಿದ್ದುತ್ತ ಹೋಗುವ ವಿಧಾನ) ಓಡಿಸಿದೆ.

ಐದರಲ್ಲೊಂದು ಪಾಲನ್ನು ಚೀಟಿ ಎತ್ತಿದ ಹಾಗೆ ಆರಿಸಿ ಪರೀಕ್ಷೆಗೆ ಇಟ್ಟಿದ್ದೆ. ಅಳತೆಯ ಗೆರೆ, ಅಂದಾಜಿನ ಗೆರೆ ಒಂದರ ಮೇಲೊಂದು ಕೂತವು. ಹಿಗ್ಗಿ ಮಣಿಪಾಲದ ಗೆಳೆಯನಿಗೆ ಕಳಿಸಿದೆ. "ಎಂತ ಮಾರಾಯ, ಪಕ್ಕದವನ ಪೇಪರ್ ನೋಡಿ ಬರೆದದ್ದಲ್ವಾ ಇದು?" ಅಂದ.

ಹೌದು. ಅರ್ಧ ಸೆಕೆಂಡಿನಲ್ಲಿ ಉಪಗ್ರಹ ನಾಲ್ಕು ಕಿಲೋಮೀಟರ್ ಕೂಡ ಸರಿಯುವುದಿಲ್ಲ. ಅಷ್ಟರಲ್ಲಿ ಸಾಂದ್ರತೆ ಎಷ್ಟು ಬದಲಾದೀತು? ಪರೀಕ್ಷೆಯ ಪ್ರತಿ ಸಾಲಿನ ಹಿಂದುಮುಂದಿನ ಸಾಲುಗಳನ್ನು ಮಾಡೆಲ್ ಮೊದಲೇ ಓದಿಬಿಟ್ಟಿತ್ತು. ಇಡೀ ತಿಂಗಳುಗಳನ್ನೇ ಬದಿಗಿಟ್ಟು ಮತ್ತೆ ಪರೀಕ್ಷಿಸಿದೆ. ಗೆರೆಗಳು ದೂರಾದವು. ಎರಡು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ.

ಮಾಡೆಲ್ ಬಿಡಿಸಿದ ನಕ್ಷೆ ನಡುರಾತ್ರಿಯಲ್ಲಿ ಕತ್ತರಿಸಿದಂತೆ ಕಾಣುತ್ತಿತ್ತು; 23ರ ನಂತರ 0 ಬರುತ್ತದೆಂದು ಅದಕ್ಕೆ ಗೊತ್ತಿರಲಿಲ್ಲ. ಗಂಟೆಯನ್ನು ಸೈನ್, ಕೊಸೈನ್ ಮಾಡಿ, ಗಡಿಯಾರದಂತೆ ಸುತ್ತಾಗಿಸಿ ಕೊಟ್ಟ ಮೇಲೆ ಸರಿಹೋಯಿತು.

ಜಾಸ್ತಿ ಖುಷಿ ಕೊಟ್ಟದ್ದು ಕಾಂತೀಯ ಅಕ್ಷಾಂಶ, ಅಂದರೆ ಭೂಮಿಯ ಕಾಂತಕ್ಷೇತ್ರದ ಸಮಭಾಜಕದಿಂದ ಎಷ್ಟು ದೂರ ಎಂಬ ಲೆಕ್ಕ. ಕಾಂತೀಯ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾವನ್ನು ಆರಿಸಿದ್ದೂ ಅದಕ್ಕೇ. ಅಲ್ಲಿ ಹಗಲಲ್ಲಿ ಪ್ಲಾಸ್ಮಾ (ಎಲೆಕ್ಟ್ರಾನ್, ಅಯಾನುಗಳ ಬೆರಕೆ) ಕಾರಂಜಿಯಂತೆ ಮೇಲೆದ್ದು, ಕಾಂತರೇಖೆಗಳ ಗುಂಟ ಎರಡೂ ಕಡೆ ಇಳಿದು ರಾಶಿಯಾಗುತ್ತದೆ. ಉತ್ತರದ ರಾಶಿ ಅಹಮದಾಬಾದ್ ಕಡೆ. ಉಡುಪಿ ಇರುವುದು ನಡುವಿನ ತಗ್ಗಿನಲ್ಲಿ. ಬರೀ ಭೂಪಟದ ಅಕ್ಷಾಂಶ ಕೊಟ್ಟಾಗ ಸಂಜೆಯ ನಕ್ಷೆ ಕಲಸಿಹೋಗುತ್ತಿತ್ತು. ಕಾಂತೀಯ ಅಕ್ಷಾಂಶ ಸೇರಿಸಿದ್ದೇ ತಡ, ಎರಡು ದಿಬ್ಬ, ನಡುವೆ ತಗ್ಗು, ಸ್ಪಷ್ಟ! ಕಾರಂಜಿಯ ಬಗ್ಗೆ ಅದಕ್ಕೆ ನಾನು ಒಂದು ಮಾತೂ ಹೇಳಿರಲಿಲ್ಲ.

ಮಾಡೆಲ್ ಸೋತದ್ದು 2024ರ ಮೇ 10ರ ಕಾಂತೀಯ ಬಿರುಗಾಳಿಯಲ್ಲಿ. ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಆ ರಾತ್ರಿ ಕೆಪಿ ತನ್ನ ಗರಿಷ್ಠ ಮಟ್ಟವಾದ 9 ಮುಟ್ಟಿತ್ತು. ನಾನು ಕಲಿಸಿದ್ದು 2023ರವರೆಗಿನ ಡೇಟಾ. ಅದರಲ್ಲಿ ಕೆಪಿ 9 ಒಮ್ಮೆಯೂ ಇಲ್ಲ. ಈ ಜಾತಿಯ ಮಾಡೆಲ್ ಕಂಡದ್ದರಾಚೆಗೆ ಹೋಗುವುದೂ ಇಲ್ಲ. ಸುಮ್ನೆ ಹಿಂದಿನ ಬಿರುಗಾಳಿಯ ಉತ್ತರವನ್ನೇ ಮತ್ತೆ ಒಪ್ಪಿಸಿತು.